ಸ್ಟ್ರಾಮ್‌ನೆಸ್: ಆರ್ಕ್‌ನಿ ದ್ವೀಪಗಳ ಬಂದರುಪಟ್ಟಣ

ಸ್ಕಾಟ್ಲೆಂಡಿನ ಉತ್ತರ ಕರಾವಳಿಯ ಆಚೆಗೆ, ಅಟ್ಲಾಂಟಿಕ್ ಮಹಾಸಾಗರವೂ ಉತ್ತರ ಸಮುದ್ರವೂ ಕೂಡುವೆಡೆಯಲ್ಲಿ ಹರಡಿರುವ ಆರ್ಕ್‌ನಿ ದ್ವೀಪಸ್ತೋಮದ ಎರಡನೆಯ ದೊಡ್ಡ ಪಟ್ಟಣ ಸ್ಟ್ರಾಮ್‌ನೆಸ್. ಸುಮಾರು 70 ದ್ವೀಪಗಳಿರುವ ಈ ಸ್ತೋಮದಲ್ಲಿ ಜನವಸತಿಯಿರುವುದು ಇಪ್ಪತ್ತರಲ್ಲಿ ಮಾತ್ರ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ, ಮೇನ್‌ಲ್ಯಾಂಡ್ ಎಂದೇ ಕರೆಯಲಾಗುವ ದ್ವೀಪದ ನೈಋತ್ಯ ಮೂಲೆಯಲ್ಲಿ ಈ ಪಟ್ಟಣವಿದೆ. ಇಲ್ಲಿನ ಜನಸಂಖ್ಯೆ ಸುಮಾರು 2,200. ಗಾತ್ರದಲ್ಲಿ ಇಷ್ಟು ಚಿಕ್ಕದಾದರೂ ಕೆನಡಾದ ತುಪ್ಪಳದ ವ್ಯಾಪಾರ, ಉತ್ತರ ಧ್ರುವಪ್ರದೇಶದ ಅನ್ವೇಷಣೆ, ಎರಡು ಮಹಾಯುದ್ಧಗಳು, 20ನೇ ಶತಮಾನದ ಸ್ಕಾಟಿಷ್ ಸಾಹಿತ್ಯ ಇವೆಲ್ಲವುಗಳ ಚರಿತ್ರೆಯಲ್ಲಿ ಸ್ಟ್ರಾಮ್‌ನೆಸ್‌ನ ಹೆಸರು ಮತ್ತೆ ಮತ್ತೆ ಬರುತ್ತದೆ. ಯೂರೋಪಿನಿಂದ ಪಶ್ಚಿಮಕ್ಕೂ ಉತ್ತರಕ್ಕೂ ಹೊರಟ ಹಡಗುಗಳು ಮಹಾಸಾಗರಕ್ಕಿಳಿಯುವ ಮುನ್ನ ಸಿಹಿನೀರು, ದಿನಸಿ ಮತ್ತು ಕೆಲಸದಾಳುಗಳನ್ನು ತುಂಬಿಕೊಳ್ಳುತ್ತಿದ್ದ ಕೊನೆಯ ಸುರಕ್ಷಿತ ನಿಲ್ದಾಣ ಇದಾಗಿದ್ದುದೇ ಅದಕ್ಕೆ ಕಾರಣ. ಹೀಗೆ ಹಾದುಹೋಗುವ ಹಡಗುಗಳ ಅಗತ್ಯಗಳನ್ನು ಪೂರೈಸುತ್ತ ಬೆಳೆದ ಊರಾದ್ದರಿಂದ, ಇಂದು ಪ್ರವಾಸಿಗರ ಕಣ್ಣಿಗೆ ಬೀಳುವ ಓಣಿ, ಬಾವಿ, ದಕ್ಕೆ, ಉಗ್ರಾಣಗಳೆಲ್ಲವೂ ಒಂದಲ್ಲ ಒಂದು ಕಾಲದ ಕಡಲ ದುಡಿಮೆಯ ಗುರುತುಗಳಾಗಿವೆ.

ನೆಲೆ ಮತ್ತು ನಿಸರ್ಗ

ಪಟ್ಟಣವು ಸುಮಾರು 59° ಉತ್ತರ ಅಕ್ಷಾಂಶದಲ್ಲಿದೆ. ಇಷ್ಟು ಉತ್ತರದಲ್ಲಿದ್ದರೂ ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ದ್ವೀಪಗಳನ್ನು ಬಳಸಿ ಹರಿಯುವುದರಿಂದ ಇಲ್ಲಿನ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ಜನವರಿಯ ಸರಾಸರಿ ಉಷ್ಣತೆ ಸುಮಾರು 4° ಸೆ., ಜುಲೈನದು ಸುಮಾರು 13° ಸೆ. ಆದರೆ ಗಾಳಿಯ ಹೊಡೆತ ವರ್ಷವಿಡೀ ಬಲವಾಗಿದ್ದು, ಮನೆಗಳ ಮರೆಯಲ್ಲಿ ಬೆಳೆದವುಗಳನ್ನು ಬಿಟ್ಟರೆ ಮರಗಳು ಅಪರೂಪ. ಜೂನ್ ತಿಂಗಳಲ್ಲಿ ಹಗಲು 18 ಗಂಟೆಗೂ ಮೀರಿ ನಡುರಾತ್ರಿಯಲ್ಲಿಯೂ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ಡಿಸೆಂಬರಿನಲ್ಲಿ ಹಗಲು ಸುಮಾರು ಆರು ಗಂಟೆಗೆ ಇಳಿಯುತ್ತದೆ.

ಬಂದರಿನ ಕೊಲ್ಲಿಗೆ ಪಶ್ಚಿಮದಲ್ಲಿ ಬ್ರಿಂಕೀಸ್ ಬ್ರೇ ಎಂಬ ಗ್ರಾನೈಟಿನ ಗುಡ್ಡವೂ ಪೂರ್ವದಲ್ಲಿ ಇನ್ನರ್ ಹೋಮ್, ಔಟರ್ ಹೋಮ್ ಎಂಬ ಎರಡು ಪುಟ್ಟ ನಡುಗಡ್ಡೆಗಳೂ ಆಸರೆಯಾಗಿ ನಿಂತಿವೆ. ಇವುಗಳ ನಡುವೆ ಲಂಗರು ಹಾಕಿದ ಹಡಗಿಗೆ ಯಾವ ದಿಕ್ಕಿನ ಬಿರುಗಾಳಿಯೂ ಸುಲಭವಾಗಿ ತಾಕುವುದಿಲ್ಲ. ಕೊಲ್ಲಿಯ ದಕ್ಷಿಣಕ್ಕಿರುವ ಹಾಯ್ ಜಲಸಂಧಿಯ ಸ್ಥಿತಿ ಇದಕ್ಕೆ ತೀರ ಬೇರೆ. ದಿನಕ್ಕೆರಡು ಬಾರಿ ಏರಿಳಿಯುವ ಉಬ್ಬರವಿಳಿತದ ನೀರು ಅಟ್ಲಾಂಟಿಕ್‌ನಿಂದ ಸ್ಕಾಪಾ ಫ್ಲೋ ಎಂಬ ವಿಶಾಲವಾದ ಒಳಗಡಲಿಗೆ ಈ ಇಕ್ಕಟ್ಟಾದ ದಾರಿಯಲ್ಲಿ ನುಗ್ಗಿ ಮತ್ತೆ ಹೊರಳುವುದರಿಂದ ಇಲ್ಲಿನ ಸೆಳವು ಅತಿ ರಭಸದ್ದು. ಹೊರಹರಿವಿನ ಸೆಳವಿಗೆ ಪಶ್ಚಿಮದ ಗಾಳಿ ಎದುರಾದಾಗ ಎದ್ದೇಳುವ ಅಲೆಗಳನ್ನು ಸ್ಥಳೀಯ ದೋಣಿಗಾರರು ಇಂದಿಗೂ ಲೆಕ್ಕಕ್ಕಿಟ್ಟೇ ಹೊರಡುತ್ತಾರೆ. ಸ್ಟ್ರಾಮ್‌ನೆಸ್ ಎಂಬ ಹೆಸರಿಗೆ ಪ್ರಾಚೀನ ನಾರ್ಸ್ ಭಾಷೆಯಲ್ಲಿ ಸೆಳವಿನ ಭೂಶಿರ ಎಂಬ ಅರ್ಥವಿದೆ. ಜಲಸಂಧಿಯ ಆಚೆಗೆ ಕಾಣುವ ಹಾಯ್ ದ್ವೀಪದ ವಾರ್ಡ್ ಹಿಲ್ (481 ಮೀ.) ಆರ್ಕ್‌ನಿಯ ಅತ್ಯುನ್ನತ ಶಿಖರ.

ಸುತ್ತಲಿನ ನೆಲದ ಬಹುಭಾಗ ಡೆವೋನಿಯನ್ ಯುಗದ, ಎಂದರೆ 38 ಕೋಟಿ ವರ್ಷಗಳಿಗೂ ಹಿಂದಿನ ಮಹಾಸರೋವರವೊಂದರ ತಳದಲ್ಲಿ ಪದರಪದರವಾಗಿ ನೆಲೆಗೊಂಡ ಹೂಳಿನಿಂದಾದುದು. ಈ ಶಿಲೆ ಚಪ್ಪಡಿಗಳಾಗಿ ಸುಲಭವಾಗಿ ಬಿಡಿಸಿಕೊಳ್ಳುವುದರಿಂದ ನವಶಿಲಾಯುಗದ ಮನೆಗಳಿಂದ ಹಿಡಿದು ಇಂದಿನ ಬೀದಿಗಳವರೆಗೆ ಆರ್ಕ್‌ನಿಯ ಕಟ್ಟಡಕಲೆಗೆ ಇದೇ ಆಧಾರವಾಗಿದೆ. ಮರ ಸಿಗದ ನಾಡಿನಲ್ಲಿ ಕಪಾಟು, ಮಂಚಗಳನ್ನೂ ಕಲ್ಲಿನಿಂದಲೇ ಮಾಡಿಕೊಂಡ ನಿದರ್ಶನಗಳು ಇಲ್ಲಿವೆ. ಈ ಪದರಗಳಲ್ಲಿ ಪುರಾತನ ಮೀನುಗಳ ಪಳೆಯುಳಿಕೆಗಳು ಹೇರಳವಾಗಿವೆ. ಸ್ಕಾಟಿಷ್ ಭೂವಿಜ್ಞಾನಿ ಹ್ಯೂ ಮಿಲ್ಲರ್ ಸ್ಟ್ರಾಮ್‌ನೆಸ್ ಬಳಿ ದೊರೆತ ಇಂಥ ಒಂದು ಪಳೆಯುಳಿಕೆಯನ್ನೇ ಆಧಾರವಾಗಿಟ್ಟುಕೊಂಡು 1849ರಲ್ಲಿ ಜೀವಸೃಷ್ಟಿಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, ವಿಕಾಸವಾದವನ್ನು ಕುರಿತು ಆ ಕಾಲದಲ್ಲಿ ನಡೆಯುತ್ತಿದ್ದ ವಾಗ್ವಾದದಲ್ಲಿ ಈ ಊರಿನ ಹೆಸರನ್ನೂ ಸೇರಿಸಿದ.

ಊರಿನ ಹುಟ್ಟು ಮತ್ತು ವ್ಯಾಪಾರದ ಹಕ್ಕು

ಒಂಬತ್ತನೆಯ ಶತಮಾನದ ಹೊತ್ತಿಗೆ ಆರ್ಕ್‌ನಿಯಲ್ಲಿ ನೆಲೆಯೂರಿದ ನಾರ್ಸ್ ಜನ ಈ ಕೊಲ್ಲಿಯನ್ನು ಹ್ಯಾಮ್ನಾವೋ, ಎಂದರೆ ಬಂದರಿನ ಕೊಲ್ಲಿ ಎಂದು ಕರೆದರು. ದ್ವೀಪಗಳು ಹಲವು ಶತಮಾನಗಳ ಕಾಲ ನಾರ್ವೆಯ ದೊರೆಗಳ ಅಧೀನದಲ್ಲಿದ್ದುವು. ಡೆನ್ಮಾರ್ಕ್ ಮತ್ತು ನಾರ್ವೆಗಳ ಅರಸ ಒಂದನೆಯ ಕ್ರಿಶ್ಚಿಯನ್ ತನ್ನ ಮಗಳು ಮಾರ್ಗರೆಟಳನ್ನು ಸ್ಕಾಟ್ಲೆಂಡಿನ ಮೂರನೆಯ ಜೇಮ್ಸನಿಗೆ ಮದುವೆ ಮಾಡಿಕೊಡುವಾಗ ವರದಕ್ಷಿಣೆಯ ಹಣಕ್ಕೆ ಈಡಾಗಿ 1468ರಲ್ಲಿ ಆರ್ಕ್‌ನಿಯನ್ನು ಒತ್ತೆಯಿಟ್ಟ. ಹಣ ಸಂದಾಯವಾಗದ ಕಾರಣ 1472ರಲ್ಲಿ ದ್ವೀಪಗಳು ಸ್ಕಾಟ್ಲೆಂಡಿನಲ್ಲಿ ವಿಲೀನವಾದುವು. ಊರುಗಳ, ಬಂಡೆಗಳ, ಕೊಲ್ಲಿಗಳ ಹೆಸರುಗಳಲ್ಲಿ ನಾರ್ಸ್ ನುಡಿ ಇಂದಿಗೂ ಉಳಿದಿದೆ.

ಕೊಲ್ಲಿಯ ಹೆಸರು ಇಷ್ಟು ಹಳೆಯದಾದರೂ ಪಟ್ಟಣ ರೂಪುಗೊಂಡದ್ದು ತಡವಾಗಿ. 16ನೇ ಶತಮಾನದ ಕೊನೆಯಲ್ಲಿ ಇಲ್ಲಿ ಹಡಗಿನವರಿಗಾಗಿ ತಂಗುಮನೆಯೊಂದು ತಲೆಯೆತ್ತಿತು. 17ನೇ ಶತಮಾನದಲ್ಲಿ ತೀರದುದ್ದಕ್ಕೂ ಮನೆಗಳೂ ಉಗ್ರಾಣಗಳೂ ಸಾಲುಗಟ್ಟಿದುವು. ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ನಡುವೆ ಯುದ್ಧ ನಡೆದಾಗಲೆಲ್ಲ ಇಂಗ್ಲಿಷ್ ಕಡಲ್ಗಾಲುವೆ ವ್ಯಾಪಾರಿ ಹಡಗುಗಳಿಗೆ ಅಪಾಯಕಾರಿಯಾಗುತ್ತಿತ್ತು. ಅವು ಬ್ರಿಟನ್ನನ್ನು ಉತ್ತರದಿಂದ ಬಳಸಿ ಹೋಗತೊಡಗಿ, ಅನುಕೂಲ ಗಾಳಿಗಾಗಿ ಈ ಕೊಲ್ಲಿಯಲ್ಲಿ ಕಾಯುತ್ತಿದ್ದುವು. ದೂರದ ಯುದ್ಧಗಳು ಸ್ಟ್ರಾಮ್‌ನೆಸ್‌ನ ವ್ಯಾಪಾರಿಗಳಿಗೆ ಹೀಗೆ ಸುಗ್ಗಿಯನ್ನು ತಂದುವು.

ಈ ಏಳಿಗೆಗೆ ಕಾನೂನಿನ ತೊಡಕೊಂದಿತ್ತು. ಅಂದಿನ ಸ್ಕಾಟ್ಲೆಂಡಿನಲ್ಲಿ ವಿದೇಶ ವ್ಯಾಪಾರದ ಹಕ್ಕು ರಾಜನಿಂದ ಸನ್ನದು ಪಡೆದ ಪಟ್ಟಣಗಳಿಗೆ ಮಾತ್ರ ಮೀಸಲಾಗಿತ್ತು. ಆರ್ಕ್‌ನಿಯಲ್ಲಿ ಅಂಥ ಪಟ್ಟಣವೆಂದರೆ ಪೂರ್ವಕ್ಕೆ ಸುಮಾರು 24 ಕಿ.ಮೀ. ದೂರದ, 1486ರಲ್ಲಿ ಸನ್ನದು ಪಡೆದಿದ್ದ ಕರ್ಕ್‌ವಾಲ್ ಒಂದೇ. ಸ್ಟ್ರಾಮ್‌ನೆಸ್‌ನ ವರ್ತಕರು ವ್ಯಾಪಾರ ಮಾಡಬೇಕಾದರೆ ಕರ್ಕ್‌ವಾಲಿನ ತೆರಿಗೆಯಲ್ಲಿ ಪಾಲು ಕೊಡಬೇಕಿತ್ತು. ಆ ಪಾಲು ಏರುತ್ತಲೇ ಹೋಯಿತು. 1742ರಲ್ಲಿ ಅಲೆಕ್ಸಾಂಡರ್ ಗ್ರೇಮ್ ಎಂಬ ವರ್ತಕನ ಮುಂದಾಳುತನದಲ್ಲಿ ಊರಿನವರು ಇದನ್ನು ಕೊಡಲು ನಿರಾಕರಿಸಿ ನ್ಯಾಯಾಲಯದ ಮೆಟ್ಟಿಲೇರಿದರು. 1754ರಲ್ಲಿ ಎಡಿನ್‌ಬರೋದ ಉಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪು ನೀಡಿತು. 1758ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಅದನ್ನು ಎತ್ತಿಹಿಡಿಯಿತು. ಸ್ಕಾಟ್ಲೆಂಡಿನ ಇತರ ಸಣ್ಣ ಊರುಗಳೂ ದೊಡ್ಡ ಪಟ್ಟಣಗಳ ಹಂಗಿಲ್ಲದೆ ವ್ಯಾಪಾರ ನಡೆಸಲು ಈ ತೀರ್ಪು ದಾರಿಮಾಡಿಕೊಟ್ಟಿತು. ಆದರೆ ಎಲ್ಲರ ಪರವಾಗಿ ಹೋರಾಡಿದ ಗ್ರೇಮ್ ವ್ಯಾಜ್ಯದ ವೆಚ್ಚದಿಂದ ದಿವಾಳಿಯೆದ್ದು ಬಡತನದಲ್ಲಿ ಸತ್ತ. ಅವನ ನೆನಪಿಗೆ ಊರಿನಲ್ಲಿ ಒಂದು ಕಾರಂಜಿಯನ್ನು ನಿರ್ಮಿಸಲಾಗಿದೆ. 1817ರಲ್ಲಿ ಸ್ಟ್ರಾಮ್‌ನೆಸ್‌ಗೆ ತನ್ನದೇ ಆಡಳಿತ ಮಂಡಲಿಯನ್ನು ಆರಿಸಿಕೊಳ್ಳುವ ಪುರದ ಸ್ಥಾನ ದೊರೆಯಿತು.

ಹಡ್ಸನ್ಸ್ ಬೇ ಕಂಪನಿಯ ಕಾಲ

ಊರಿನ ಬದುಕನ್ನು ಎರಡು ಶತಮಾನಗಳ ಕಾಲ ರೂಪಿಸಿದ ಸಂಸ್ಥೆ ಹಡ್ಸನ್ಸ್ ಬೇ ಕಂಪನಿ. ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿ ಇದ್ದಂತೆ ಇದೂ ರಾಜನ ಸನ್ನದಿನಿಂದ ಏಕಸ್ವಾಮ್ಯ ಪಡೆದ ವ್ಯಾಪಾರ ಸಂಸ್ಥೆಯಾಗಿದ್ದು, 1670ರಿಂದ ಉತ್ತರ ಅಮೆರಿಕದ ಹಡ್ಸನ್ ಕೊಲ್ಲಿಗೆ ನೀರು ಹರಿಸುವ ಇಡೀ ಪ್ರದೇಶದಲ್ಲಿ ಬೀವರ್ ಮೊದಲಾದ ಪ್ರಾಣಿಗಳ ತುಪ್ಪಳದ ವ್ಯಾಪಾರ ನಡೆಸುವ ಅಧಿಕಾರ ಹೊಂದಿತ್ತು. ಕಂಪನಿಯ ಹಡಗುಗಳು ಬೇಸಗೆಯ ಆರಂಭದಲ್ಲಿ ಲಂಡನ್ನಿನಿಂದ ಹೊರಟು ಸ್ಟ್ರಾಮ್‌ನೆಸ್‌ನಲ್ಲಿ ನಿಂತು, ಸಿಹಿನೀರು ತುಂಬಿಕೊಂಡು ಪಶ್ಚಿಮಕ್ಕೆ ಸಾಗುತ್ತಿದ್ದುವು. ಪಟ್ಟಣದ ದಕ್ಷಿಣ ತುದಿಯಲ್ಲಿರುವ ಲೋಗಿನ್ ಬಾವಿಯ ಫಲಕದಲ್ಲಿ ಈ ಹಡಗುಗಳು 1670ರಿಂದ 1891ರವರೆಗೆ ಇಲ್ಲಿಂದ ನೀರು ಒಯ್ದ ಸಂಗತಿಯನ್ನು ಕೆತ್ತಲಾಗಿದೆ. 1931ರಲ್ಲಿ ಬಾವಿಯನ್ನು ಮುಚ್ಚಲಾಯಿತು.

ನೀರಿಗಿಂತಲೂ ಮುಖ್ಯವಾಗಿ ಕಂಪನಿಗೆ ಬೇಕಾಗಿದ್ದುದು ಆಳುಗಳು. ಆರ್ಕ್‌ನಿಯ ಯುವಕರು ಚಳಿಗೂ ದೋಣಿಯ ಕೆಲಸಕ್ಕೂ ಒಗ್ಗಿದವರಾಗಿದ್ದರು; ಚರ್ಚಿನ ಶಾಲೆಗಳ ದೆಸೆಯಿಂದ ಹಲವರು ಓದುಬರಹ ಬಲ್ಲವರಾಗಿದ್ದರು; ಲಂಡನ್ನಿನವರಿಗಿಂತ ಕಡಿಮೆ ಸಂಬಳಕ್ಕೆ ಒಪ್ಪುತ್ತಿದ್ದರು. 18ನೇ ಶತಮಾನದ ಕೊನೆಯಲ್ಲಿ ಉತ್ತರ ಅಮೆರಿಕದಲ್ಲಿದ್ದ ಕಂಪನಿಯ ನೌಕರರಲ್ಲಿ ಸುಮಾರು ಮುಕ್ಕಾಲು ಪಾಲು ಆರ್ಕ್‌ನಿಯವರೇ ಆಗಿದ್ದರು. ಅವರು ಸಾಮಾನ್ಯವಾಗಿ ಕೆಲವು ವರ್ಷಗಳ ಕರಾರಿಗೆ ಸಹಿ ಹಾಕಿ ಹೋಗುತ್ತಿದ್ದರು. ಹಲವರು ಕರಾರನ್ನು ಮುಂದುವರಿಸಿ ಅಲ್ಲಿನ ಕ್ರೀ ಮೊದಲಾದ ಮೂಲನಿವಾಸಿ ಸಮುದಾಯಗಳ ಹೆಂಗಸರೊಡನೆ ಸಂಸಾರ ಹೂಡಿದರು. ಇಂದಿಗೂ ಕೆನಡಾದಿಂದ ಈ ವಂಶಗಳವರು ತಮ್ಮ ಪೂರ್ವಜರ ನೆಲೆಯನ್ನು ಹುಡುಕಿಕೊಂಡು ಸ್ಟ್ರಾಮ್‌ನೆಸ್‌ಗೆ ಬರುತ್ತಾರೆ. ಇತ್ತ ದ್ವೀಪದಲ್ಲಿ ದುಡಿಯುವ ಗಂಡಸರು ಹೊರಟುಹೋಗಿ ಹೊಲಗದ್ದೆಗಳ ಭಾರ ಹೆಂಗಸರ ಮೇಲೆ ಬೀಳುತ್ತಿದೆಯೆಂದು ಪಾದ್ರಿಗಳು ಆಗಲೇ ದೂರಿದ್ದುಂಟು. ಊರಿಗೆ ಬಂದ ಸಂಬಳದ ಹಣವನ್ನು ಈ ಅಗಲಿಕೆಯ ಜೊತೆಯಲ್ಲಿಟ್ಟು ನೋಡಿದರೆ ಮಾತ್ರ ಆ ಕಾಲದ ಚಿತ್ರ ಪೂರ್ಣವಾಗುತ್ತದೆ.

ಹೆಂಗಸರಿಗೆ ಕಂಪನಿಯಲ್ಲಿ ಕೆಲಸವಿರಲಿಲ್ಲ. ಆದರೂ ಇಸೊಬೆಲ್ ಗನ್ ಎಂಬ ಆರ್ಕ್‌ನಿಯ ಯುವತಿ 1806ರಲ್ಲಿ ಗಂಡಿನ ವೇಷ ಧರಿಸಿ, ಜಾನ್ ಫಬಿಸ್ಟರ್ ಎಂಬ ಹೆಸರಿನಲ್ಲಿ ಕಂಪನಿಯ ಸೇವೆಗೆ ಸೇರಿ, ಗಂಡಸರ ಸಮಸಮವಾಗಿ ಸರಕು ಸಾಗಿಸುವ ದೋಣಿಗಳಲ್ಲಿ ದುಡಿದಳು. 1807ರ ಡಿಸೆಂಬರಿನಲ್ಲಿ ಆಕೆ ಮಗುವನ್ನು ಹೆತ್ತಾಗ ಮಾತ್ರ ಗುಟ್ಟು ಬಯಲಾಯಿತು. ಮಗುವಿನೊಡನೆ ಆರ್ಕ್‌ನಿಗೆ ಮರಳಿದ ಆಕೆ ಸ್ಟ್ರಾಮ್‌ನೆಸ್‌ನಲ್ಲಿ ಕಷ್ಟದ ಜೀವನ ನಡೆಸಿ 1861ರಲ್ಲಿ ತೀರಿಕೊಂಡಳು.

ಅನ್ವೇಷಕರು ಮತ್ತು ತಿಮಿಂಗಿಲ ಬೇಟೆಗಾರರು

1780ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಮೂರನೆಯ ಮಹಾಯಾನದ ಹಡಗುಗಳಾದ ರೆಸಲ್ಯೂಷನ್ ಮತ್ತು ಡಿಸ್ಕವರಿ, ಕುಕ್ ಹವಾಯಿಯಲ್ಲಿ ಹತನಾದ ಮೇಲೆ ಸ್ವದೇಶಕ್ಕೆ ಹಿಂದಿರುಗುವಾಗ ಪ್ರತಿಕೂಲ ಗಾಳಿಯ ದೆಸೆಯಿಂದ ಸ್ಟ್ರಾಮ್‌ನೆಸ್‌ನಲ್ಲಿ ತಂಗಿದ್ದುವು. 1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್‌ನ ಎರಿಬಸ್ ಮತ್ತು ಟೆರರ್ ಹಡಗುಗಳು ಕೆನಡಾದ ಉತ್ತರದ ಹಿಮಗಡಲುಗಳ ಮೂಲಕ ಪೆಸಿಫಿಕ್‌ಗೆ ಹೋಗುವ ವಾಯವ್ಯ ಮಾರ್ಗವನ್ನು ಅರಸುತ್ತ ಇಲ್ಲಿಂದಲೇ ಹೊರಟುವು. ಅವುಗಳಲ್ಲಿದ್ದ 129 ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ.

ಈ ದುರಂತದ ಸತ್ಯವನ್ನು ಹೊರಗೆಡಹಿದವನು ಇದೇ ನೆರೆಹೊರೆಯವನು. ಡಾಕ್ಟರ್ ಜಾನ್ ರೇ (1813–1893) ಸ್ಟ್ರಾಮ್‌ನೆಸ್‌ಗೆ ಎದುರುದಂಡೆಯಲ್ಲಿರುವ ಕ್ಲೆಸ್ಟ್ರೇನ್ ಭವನದಲ್ಲಿ ಹುಟ್ಟಿದ. ವೈದ್ಯನಾಗಿ ಹಡ್ಸನ್ಸ್ ಬೇ ಕಂಪನಿ ಸೇರಿದ ಅವನು ಇನ್ಯೂಟ್ ಮತ್ತು ಕ್ರೀ ಜನರಿಂದ ಹಿಮದಲ್ಲಿ ನಡೆಯುವ, ಬೇಟೆಯಾಡುವ, ಹಿಮದ ಮನೆ ಕಟ್ಟಿಕೊಳ್ಳುವ ವಿದ್ಯೆಗಳನ್ನು ಕಲಿತು, ಸಣ್ಣ ತಂಡದೊಡನೆ ಸಾವಿರಾರು ಕಿಲೋಮೀಟರ್ ನಡೆದು ಆರ್ಕ್ಟಿಕ್ ಕರಾವಳಿಯ ನಕ್ಷೆ ತಯಾರಿಸಿದ. 1854ರಲ್ಲಿ ಇನ್ಯೂಟರ ಬಾಯಿಂದ ಫ್ರಾಂಕ್ಲಿನ್ ತಂಡದವರು ಹಸಿವಿನಿಂದ ಸತ್ತರೆಂದೂ ಕೊನೆಗೆ ನರಮಾಂಸ ತಿಂದರೆಂದೂ ತಿಳಿದು ವರದಿ ಮಾಡಿದ. ಫ್ರಾಂಕ್ಲಿನ್‌ನ ಪತ್ನಿ ಲೇಡಿ ಜೇನ್ ಈ ವರದಿಯನ್ನು ಒಪ್ಪಲಿಲ್ಲ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಇನ್ಯೂಟರ ಮಾತನ್ನು ನಂಬಬಾರದೆಂದು ತನ್ನ ಪತ್ರಿಕೆಯಲ್ಲಿ ಕಟುವಾಗಿ ಬರೆದ. ಸಮಕಾಲೀನ ಅನ್ವೇಷಕರಲ್ಲಿ ಅನೇಕರಿಗೆ ದೊರೆತ ಸರ್ ಪದವಿ ರೇಗೆ ದೊರೆಯಲಿಲ್ಲ. ಮುಂದೆ ಸಿಕ್ಕ ಮೂಳೆಗಳ ಮೇಲಿನ ಕತ್ತಿಯ ಗಾಯಗಳು ಇನ್ಯೂಟರ ಹೇಳಿಕೆಯನ್ನು ಸಮರ್ಥಿಸಿದುವು. ಮುಳುಗಿದ ಎರಡು ಹಡಗುಗಳೂ 2014 ಮತ್ತು 2016ರಲ್ಲಿ ಪತ್ತೆಯಾದುವು. ರೇಯ ಪ್ರತಿಮೆ ಇಂದು ಸ್ಟ್ರಾಮ್‌ನೆಸ್‌ನ ಬಂದರಿನ ಬಳಿ ನಿಂತಿದೆ.

ಗ್ರೀನ್‌ಲೆಂಡ್ ಕಡಲಿಗೂ ಡೇವಿಸ್ ಜಲಸಂಧಿಗೂ ತಿಮಿಂಗಿಲ ಬೇಟೆಗೆ ಹೋಗುತ್ತಿದ್ದ ಹಡಗುಗಳೂ ಇಲ್ಲಿ ಆಳುಗಳನ್ನು ಹತ್ತಿಸಿಕೊಳ್ಳುತ್ತಿದ್ದುವು. 1830ರ ದಶಕದಲ್ಲಿ ಕೆಲವು ಹಡಗುಗಳು ಹಿಮದಲ್ಲಿ ಸಿಕ್ಕಿಬಿದ್ದು ಚಳಿಗಾಲವನ್ನು ಅಲ್ಲಿಯೇ ಕಳೆಯಬೇಕಾಗಿ, ಸ್ಕರ್ವಿ ಎಂಬ ಪೋಷಕಾಂಶದ ಕೊರತೆಯ ರೋಗದಿಂದಲೂ ಚಳಿಯಿಂದಲೂ ಬಹುಮಂದಿ ಸತ್ತರು. ಅಳಿದುಳಿದವರಲ್ಲಿ ಕೆಲವರನ್ನು ಹೊತ್ತ ಹಡಗುಗಳು ಸ್ಟ್ರಾಮ್‌ನೆಸ್‌ಗೇ ಬಂದು ಸೇರಿದುವು.

ಹಾಯಿಹಡಗುಗಳ ಈ ಕಾಲ ಊರಿಗೆ ಕಥೆಗಳನ್ನೂ ಬಿಟ್ಟುಹೋಗಿದೆ. ಇಲ್ಲಿ ಬೆಳೆದ ಜಾನ್ ಗೌ ಎಂಬವನು ಕಡಲ್ಗಳ್ಳನಾಗಿ 1725ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದ. ಬ್ರಿಂಕೀಸ್ ಬ್ರೇ ಗುಡ್ಡದ ಮೇಲೆ ವಾಸಿಸುತ್ತಿದ್ದ ಬೆಸ್ಸಿ ಮಿಲ್ಲಿ ಎಂಬ ಮುದುಕಿ ಆರು ಪೆನ್ಸ್ ಕಾಣಿಕೆ ಪಡೆದು ನಾವಿಕರಿಗೆ ಅನುಕೂಲ ಗಾಳಿಯನ್ನು ಹರಸಿ ಕೊಡುತ್ತಿದ್ದಳು. ದೀಪಸ್ತಂಭಗಳ ತಪಾಸಣೆಯ ಹಡಗಿನಲ್ಲಿ 1814ರಲ್ಲಿ ಬಂದ ಸರ್ ವಾಲ್ಟರ್ ಸ್ಕಾಟ್ ಆಕೆಯನ್ನು ಕಂಡು, ಗೌನ ಕಥೆಯನ್ನೂ ಕೇಳಿ, ‘ದಿ ಪೈರೇಟ್’ ಕಾದಂಬರಿಗೆ ಎರಡನ್ನೂ ಬಳಸಿಕೊಂಡ.

ಹೆರಿಂಗ್ ಮೀನುಗಾರಿಕೆಯಿಂದ ಮಹಾಯುದ್ಧಗಳವರೆಗೆ

ಉಗಿಹಡಗುಗಳು ಬಂದ ಮೇಲೆ ಗಾಳಿಗಾಗಿ ಕಾಯುವ ಅಗತ್ಯ ಉಳಿಯದೆ ಊರಿನ ಹಳೆಯ ವ್ಯಾಪಾರ ಇಳಿಮುಖವಾಯಿತು. ಆ ಸ್ಥಾನವನ್ನು 19ನೇ ಶತಮಾನದ ಕೊನೆಯಲ್ಲಿ ಹೆರಿಂಗ್ ಮೀನು ತುಂಬಿತು. ಹಿಂಡುಹಿಂಡಾಗಿ ಬರುವ ಈ ಮೀನನ್ನು ಸೀಳಿ, ಉಪ್ಪು ಹಾಕಿ, ಪೀಪಾಯಿಗಳಲ್ಲಿ ತುಂಬಿ ಯೂರೋಪಿಗೆ ಕಳುಹಿಸಲಾಗುತ್ತಿತ್ತು. ಮೀನಿನ ಕಾಲದಲ್ಲಿ ದೋಣಿಗಳೊಡನೆ ಮೀನು ಸೀಳುವ ಹೆಂಗಸರ ತಂಡಗಳೂ ಬಂದು ಊರು ಕಿಕ್ಕಿರಿಯುತ್ತಿತ್ತು. ಈ ಭರಾಟೆ ಕೆಲವೇ ವರ್ಷಗಳಲ್ಲಿ ತಗ್ಗಿತು. ಮದ್ಯದಂಗಡಿಗಳನ್ನು ಮುಚ್ಚಬೇಕೇ ಎಂಬುದನ್ನು ಊರಿನ ಮತದಾರರೇ ನಿರ್ಧರಿಸಲು ಅವಕಾಶ ಕೊಟ್ಟ 1913ರ ಕಾಯಿದೆಯ ಪ್ರಕಾರ ಸ್ಟ್ರಾಮ್‌ನೆಸ್ 1920ರಲ್ಲಿ ಪಾನನಿಷೇಧಕ್ಕೆ ಮತ ನೀಡಿತು. ಈ ನಿಷೇಧ 1947ರವರೆಗೆ ನಡೆಯಿತು.

ಸ್ಕಾಪಾ ಫ್ಲೋ ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷ್ ನೌಕಾಪಡೆಯ ಮುಖ್ಯ ನೆಲೆಯಾಗಿತ್ತು. ಅದರ ಪಶ್ಚಿಮದ ಬಾಗಿಲಲ್ಲಿದ್ದ ಸ್ಟ್ರಾಮ್‌ನೆಸ್ ಸೈನಿಕರಿಂದ ತುಂಬಿತು. ಜಲಸಂಧಿಯನ್ನು ಕಾಯಲು ಕಟ್ಟಿದ ನೆಸ್ ಫಿರಂಗಿನೆಲೆಯನ್ನು ಇಂದಿಗೂ ನೋಡಬಹುದು. ಭಾರತದ ಸೇನಾಪತಿಯಾಗಿ 1902ರಿಂದ 1909ರವರೆಗೆ ಇದ್ದ, ಯುದ್ಧಕಾಲದಲ್ಲಿ ಬ್ರಿಟನ್ನಿನ ಯುದ್ಧಮಂತ್ರಿಯಾದ ಲಾರ್ಡ್ ಕಿಚನರ್ ಪ್ರಯಾಣಿಸುತ್ತಿದ್ದ ಹ್ಯಾಂಪ್‌ಷೈರ್ ಹಡಗು 1916ರ ಜೂನ್ 5ರಂದು ಸ್ಟ್ರಾಮ್‌ನೆಸ್‌ನ ಉತ್ತರಕ್ಕೆ ಮಾರ್ವಿಕ್ ಭೂಶಿರದ ಬಳಿ ಜರ್ಮನ್ ಸಿಡಿಗುಂಡಿಗೆ ತಗುಲಿ ಮುಳುಗಿತು. 700ಕ್ಕೂ ಹೆಚ್ಚು ಮಂದಿ ಸತ್ತು 12 ಮಂದಿ ಮಾತ್ರ ಬದುಕುಳಿದರು.

ಯುದ್ಧವಿರಾಮದ ಷರತ್ತಿನಂತೆ ಜರ್ಮನ್ ನೌಕಾಪಡೆಯ 74 ಹಡಗುಗಳನ್ನು ಸ್ಕಾಪಾ ಫ್ಲೋದಲ್ಲಿ ತಡೆಹಿಡಿದು ಇರಿಸಲಾಗಿತ್ತು. ಅವು ಶತ್ರುವಿನ ಕೈಸೇರಬಾರದೆಂದು ಅಡ್ಮಿರಲ್ ಲುಡ್ವಿಗ್ ಫಾನ್ ರಾಯ್ಟರ್ 1919ರ ಜೂನ್ 21ರಂದು ಆಜ್ಞೆ ಕೊಟ್ಟಾಗ ನಾವಿಕರು ತಳದ ಕವಾಟಗಳನ್ನು ತೆರೆದು ನೀರು ನುಗ್ಗಿಸಿ 52 ಹಡಗುಗಳನ್ನು ಮುಳುಗಿಸಿದರು. ಅದೇ ದಿನ ಸ್ಟ್ರಾಮ್‌ನೆಸ್‌ನ ಶಾಲಾಮಕ್ಕಳು ಫ್ಲೈಯಿಂಗ್ ಕೆಸ್ಟ್ರೆಲ್ ಎಂಬ ದೋಣಿಯಲ್ಲಿ ಆ ನೌಕಾಪಡೆಯನ್ನು ನೋಡಲು ಹೋಗಿದ್ದು, ಮಹಾನೌಕೆಗಳು ಒಂದೊಂದಾಗಿ ಮಗುಚುವುದನ್ನು ಕಣ್ಣಾರೆ ಕಂಡರು. ಬಹುಪಾಲು ಹಡಗುಗಳನ್ನು ಮುಂದೆ ಮೇಲೆತ್ತಿ ಗುಜರಿಗೆ ಮಾರಲಾಯಿತು. ಉಳಿದ ಏಳು ದೊಡ್ಡ ಅವಶೇಷಗಳಲ್ಲಿ ಮೂರು ಯುದ್ಧನೌಕೆಗಳೂ ನಾಲ್ಕು ಲಘು ಕ್ರೂಸರ್‌ಗಳೂ ಇದ್ದು, ಜಗತ್ತಿನ ನಾನಾ ಕಡೆಗಳಿಂದ ಬರುವ ಮುಳುಗುಗಾರರನ್ನು ಅಲ್ಲಿಗೆ ಕರೆದೊಯ್ಯುವ ದೋಣಿಗಳು ಸ್ಟ್ರಾಮ್‌ನೆಸ್‌ನಿಂದ ಹೊರಡುತ್ತವೆ.

ಊರಿನ ವಿನ್ಯಾಸ

ಗುಡ್ಡಕ್ಕೂ ಕಡಲಿಗೂ ನಡುವೆ ಉಳಿದ ಕಿರಿದಾದ ಪಟ್ಟಿಯಲ್ಲಿ ಊರು ಬೆಳೆದುದರಿಂದ ಅದಕ್ಕೆ ಇರುವುದು ಒಂದೇ ಮುಖ್ಯ ಬೀದಿ. ಚಪ್ಪಡಿಕಲ್ಲು ಹಾಸಿದ ಈ ಬೀದಿ ಬಂದರಿನ ದಂಡೆಗುಂಟ ಉತ್ತರದಿಂದ ದಕ್ಷಿಣಕ್ಕೆ ಸುತ್ತಿಬಳಸಿ ಸಾಗುತ್ತ ವಿಕ್ಟೋರಿಯಾ ಬೀದಿ, ಡಂಡಾಸ್ ಬೀದಿ, ಆಲ್ಫ್ರೆಡ್ ಬೀದಿ ಎಂದು ಹೆಸರು ಬದಲಿಸುತ್ತದೆ. ಕೆಲವೆಡೆ ಒಂದು ವಾಹನಕ್ಕಷ್ಟೇ ಜಾಗವಿದೆ. ಕಡಲ ಕಡೆಯ ಮನೆಗಳು ಬೀದಿಗೆ ಮುಖಮಾಡದೆ ತಮ್ಮ ಕಿರಿದಾದ ಮುಕ್ಕೋನದ ಗೋಡೆಯನ್ನು ನೀರಿಗೆ ಒಡ್ಡಿ ನಿಂತಿವೆ. ಪ್ರತಿ ವರ್ತಕನಿಗೂ ಮನೆ, ಉಗ್ರಾಣ, ಸ್ವಂತದ ದಕ್ಕೆ ಮೂರೂ ಒಂದೇ ಸಾಲಿನಲ್ಲಿ ಬೇಕಾಗಿದ್ದುದರಿಂದ ಈ ವಿನ್ಯಾಸ ಬಂದಿತು. ದೋಣಿಯಿಂದ ಇಳಿಸಿದ ಸರಕು ನೇರವಾಗಿ ಉಗ್ರಾಣ ಸೇರುತ್ತಿತ್ತು. ಬೀದಿಯ ಮೇಲುಬದಿಯಿಂದ ಗುಡ್ಡಕ್ಕೆ ಏರುವ ಕಡಿದಾದ ಓಣಿಗಳು ಹಲವಿದ್ದು, ಅವುಗಳಲ್ಲೊಂದಕ್ಕೆ ಅಂದಿನ ಬ್ರಿಟಿಷ್ ಭಾರತದ ವಾಯವ್ಯ ಗಡಿಯ ಕಣಿವೆಯ ನೆನಪಿನಲ್ಲಿ ಖೈಬರ್ ಪಾಸ್ ಎಂಬ ಹೆಸರಿದೆ. ದಕ್ಷಿಣದ ತುದಿಯಲ್ಲಿರುವ ಹಳೆಯ ಫಿರಂಗಿಯನ್ನು ಹಡ್ಸನ್ಸ್ ಬೇ ಕಂಪನಿಯ ಹಡಗು ಬಂದಿತೆಂದು ಸಾರಲು ಹಾರಿಸುತ್ತಿದ್ದರು. ಎದುರಿನ ಗ್ರೇಮ್ಸೆ ದ್ವೀಪದಲ್ಲಿ ಅಲನ್ ಸ್ಟೀವನ್‌ಸನ್ ವಿನ್ಯಾಸದಂತೆ 1851ರಲ್ಲಿ ಕಟ್ಟಿದ ಎರಡು ದೀಪಸ್ತಂಭಗಳು ಕಾಣುತ್ತವೆ. ಇವೆರಡರ ಬೆಳಕನ್ನು ಒಂದೇ ನೇರಕ್ಕೆ ತಂದುಕೊಂಡ ಹಡಗು ಜಲಸಂಧಿಯ ಸುರಕ್ಷಿತ ದಾರಿಯಲ್ಲಿದೆ ಎಂದು ಅರ್ಥ.

ವಸ್ತುಸಂಗ್ರಹಾಲಯ, ಸಾಹಿತ್ಯ, ಕಲೆ

1837ರಲ್ಲಿ ಸ್ಥಳೀಯ ನಿಸರ್ಗ ವಿಜ್ಞಾನ ಸಂಘದವರು ಆರಂಭಿಸಿದ ಸ್ಟ್ರಾಮ್‌ನೆಸ್ ವಸ್ತುಸಂಗ್ರಹಾಲಯದಲ್ಲಿ ಪಳೆಯುಳಿಕೆಗಳು, ಹಕ್ಕಿಗಳ ಸಂಗ್ರಹ, ಕೆನಡಾದಿಂದ ತಂದ ವಸ್ತುಗಳು, ತಿಮಿಂಗಿಲ ಬೇಟೆಯ ಸಲಕರಣೆಗಳು ಹಾಗೂ ಜರ್ಮನ್ ಹಡಗುಗಳಿಂದ ತೆಗೆದ ಸಾಮಾನುಗಳಿವೆ. ಸಮೀಪದ ನವಶಿಲಾಯುಗದ ಹಳ್ಳಿ ಸ್ಕಾರಾ ಬ್ರೇಯಲ್ಲಿ 19ನೇ ಶತಮಾನದಲ್ಲಿ ದೊರೆತು ಕಳೆದುಹೋಯಿತೆಂದು ಭಾವಿಸಿದ್ದ, ತಿಮಿಂಗಿಲದ ಮೂಳೆಯಲ್ಲಿ ಕಡೆದ ಪುಟ್ಟ ಮಾನವಾಕೃತಿಯೊಂದು 2016ರಲ್ಲಿ ಇದೇ ಸಂಗ್ರಹದ ಪೆಟ್ಟಿಗೆಯಲ್ಲಿ ಪತ್ತೆಯಾಯಿತು.

ಊರಿಗೆ ಸಾಹಿತ್ಯದಲ್ಲಿ ಶಾಶ್ವತ ಸ್ಥಾನ ಕೊಟ್ಟವನು ಜಾರ್ಜ್ ಮಕೈ ಬ್ರೌನ್ (1921–1996). ಇಲ್ಲಿಯೇ ಹುಟ್ಟಿ, ಓದಿಗಾಗಿ ಹೊರಗಿದ್ದ ಕೆಲವು ವರ್ಷಗಳನ್ನು ಬಿಟ್ಟರೆ ಬದುಕಿನುದ್ದಕ್ಕೂ ಇಲ್ಲಿಯೇ ನೆಲೆಸಿದ ಈ ಕವಿ, ಕಥೆಗಾರ ತನ್ನ ಬರಹಗಳಲ್ಲಿ ಊರನ್ನು ಹ್ಯಾಮ್ನಾವೋ ಎಂಬ ಹಳೆಯ ಹೆಸರಿನಿಂದಲೇ ಕರೆದ. ಮೀನುಗಾರರು, ರೈತರು, ನಾರ್ಸ್ ವೀರರು, ಸಂತರು ಅವನ ಬರಹದಲ್ಲಿ ಒಟ್ಟಿಗೆ ಬರುತ್ತಾರೆ. 1994ರ ಕಾದಂಬರಿ ‘ಬಿಸೈಡ್ ದಿ ಓಷನ್ ಆಫ್ ಟೈಮ್’ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಅವನ ಸಮಾಧಿ ಪಟ್ಟಣದ ಪಶ್ಚಿಮಕ್ಕಿರುವ ವೇರ್‌ಬೆತ್ ಕಡಲದಂಡೆಯ ಸ್ಮಶಾನದಲ್ಲಿದೆ. ಸಂಗೀತರಚನಕಾರ ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್‌ನೊಡನೆ ಸೇರಿ ಅವನು 1977ರಲ್ಲಿ ಸೇಂಟ್ ಮ್ಯಾಗ್ನಸ್ ಉತ್ಸವವನ್ನು ಹುಟ್ಟುಹಾಕಿದ. 1970ರ ದಶಕದಲ್ಲಿ ಸ್ಟ್ರಾಮ್‌ನೆಸ್ ಸಮೀಪ ಯುರೇನಿಯಂ ಗಣಿಗಾರಿಕೆಯ ಯೋಜನೆ ಬಂದಾಗ ದ್ವೀಪವಾಸಿಗಳು ಒಗ್ಗಟ್ಟಾಗಿ ವಿರೋಧಿಸಿದರು. ಆ ಪ್ರತಿಭಟನೆಗೆಂದು ಡೇವಿಸ್ 1980ರಲ್ಲಿ ರಚಿಸಿದ ಸಂಗೀತರೂಪಕದ ಭಾಗವಾದ ‘ಫೇರ್‌ವೆಲ್ ಟು ಸ್ಟ್ರಾಮ್‌ನೆಸ್’ ಎಂಬ ಪಿಯಾನೊ ಕೃತಿ ಅವನ ರಚನೆಗಳಲ್ಲೆಲ್ಲ ಅತ್ಯಂತ ಜನಪ್ರಿಯವಾಯಿತು. ಗಣಿ ಬರಲಿಲ್ಲ.

1979ರಲ್ಲಿ ತೆರೆದ ಪಿಯರ್ ಕಲಾಕೇಂದ್ರ ಮಾರ್ಗರೆಟ್ ಗಾರ್ಡಿನರ್ ಎಂಬಾಕೆ ದಾನವಾಗಿತ್ತ ಸಂಗ್ರಹದಿಂದ ಆರಂಭವಾದುದು. ಬಾರ್ಬರಾ ಹೆಪ್‌ವರ್ತ್, ಬೆನ್ ನಿಕಲ್ಸನ್, ನೌಮ್ ಗಾಬೊ ಮೊದಲಾದ ಆಧುನಿಕ ಕಲಾವಿದರ ಕೃತಿಗಳು ಇಲ್ಲಿವೆ. ಬೀದಿಯ ಕಡೆಯ ಕಟ್ಟಡ ಹಿಂದೆ ಹಡ್ಸನ್ಸ್ ಬೇ ಕಂಪನಿಯ ಪ್ರತಿನಿಧಿಯ ಕಚೇರಿಯಾಗಿತ್ತು.

ಸುತ್ತಣ ಪ್ರಾಚೀನ ನೆಲೆಗಳು

ಸ್ಟ್ರಾಮ್‌ನೆಸ್‌ನಿಂದ ಸ್ವಲ್ಪ ದೂರದಲ್ಲಿರುವ ನಾಲ್ಕು ನವಶಿಲಾಯುಗದ ನೆಲೆಗಳನ್ನು ಯುನೆಸ್ಕೊ 1999ರಲ್ಲಿ ವಿಶ್ವಪರಂಪರೆಯ ತಾಣವೆಂದು ಒಟ್ಟಾಗಿ ಘೋಷಿಸಿತು. ಅವುಗಳಲ್ಲಿ ಸ್ಕಾರಾ ಬ್ರೇ ಸುಮಾರು 5,000 ವರ್ಷಗಳ ಹಿಂದಿನ ಹಳ್ಳಿ. 1850ರ ಬಿರುಗಾಳಿ ಮರಳನ್ನು ಕೊಚ್ಚಿದಾಗ ಕಾಣಿಸಿಕೊಂಡ ಇದನ್ನು 1920ರ ದಶಕದ ಕೊನೆಯಲ್ಲಿ ಗಾರ್ಡನ್ ಚೈಲ್ಡ್ ಉತ್ಖನನ ಮಾಡಿದ. ಮನೆಗಳೊಳಗಿನ ಕಲ್ಲಿನ ಮಂಚ, ಒಲೆ, ಕಪಾಟುಗಳು ಇದ್ದ ಹಾಗೆಯೇ ಉಳಿದಿವೆ. ಮೇಸ್‌ಹೌ ಕಲ್ಲಿನ ಕೋಣೆಯುಳ್ಳ ಗೋರಿ. ಚಳಿಗಾಲದ ಅಯನ ಸಂಕ್ರಾಂತಿಯ ಆಸುಪಾಸಿನಲ್ಲಿ ಮುಳುಗುವ ಸೂರ್ಯನ ಕಿರಣ ಅದರ ಓಣಿಯನ್ನು ಹಾದು ಒಳಗೋಡೆಯನ್ನು ಮುಟ್ಟುತ್ತದೆ. 12ನೇ ಶತಮಾನದಲ್ಲಿ ಒಳನುಗ್ಗಿದ ನಾರ್ಸ್ ಜನ ಗೋಡೆಗಳ ಮೇಲೆ ರೂನ್ ಲಿಪಿಯಲ್ಲಿ ಬರಹಗಳನ್ನು ಕೊರೆದಿದ್ದಾರೆ. ಉಳಿದೆರಡು ಸ್ಟೆನ್ನೆಸ್ ನಿಲುಗಲ್ಲುಗಳು ಮತ್ತು 104 ಮೀ. ವ್ಯಾಸದ ಬ್ರಾಡ್ಗರ್ ಶಿಲಾವೃತ್ತ.

ಪ್ರಯಾಣ ಮತ್ತು ಇಂದಿನ ಬದುಕು

ಸ್ಕಾಟ್ಲೆಂಡಿನ ಉತ್ತರ ತುದಿಯ ಸ್ಕ್ರ್ಯಾಬ್ಸ್ಟರ್ ಬಂದರಿನಿಂದ ವಾಹನಗಳನ್ನೂ ಹೊರುವ ಹ್ಯಾಮ್ನಾವೋ ಎಂಬ ಹಡಗು ಪೆಂಟ್‌ಲೆಂಡ್ ಜಲಸಂಧಿಯನ್ನು ದಾಟಿ ಸುಮಾರು ಒಂದೂವರೆ ಗಂಟೆಯಲ್ಲಿ ಸ್ಟ್ರಾಮ್‌ನೆಸ್ ತಲಪುತ್ತದೆ. ದಾರಿಯಲ್ಲಿ ಹಾಯ್ ದ್ವೀಪದ ಕೆಂಪು ಮರಳುಗಲ್ಲಿನ ಕಡಿಬಂಡೆಗಳೂ ಓಲ್ಡ್ ಮ್ಯಾನ್ ಆಫ್ ಹಾಯ್ ಎಂಬ 137 ಮೀ. ಎತ್ತರದ ಕಡಲಗಂಬವೂ ಕಾಣುತ್ತವೆ. ಅಲೆಗಳ ಕೊರೆತದಿಂದ ದಂಡೆಯಿಂದ ಬೇರ್ಪಟ್ಟು ಒಂಟಿಯಾಗಿ ಉಳಿದ ಈ ಬಂಡೆಯನ್ನು 1966ರಲ್ಲಿ ಮೊದಲ ಬಾರಿಗೆ ಹತ್ತಲಾಯಿತು. ಕರ್ಕ್‌ವಾಲ್‌ನಲ್ಲಿ ವಿಮಾನನಿಲ್ದಾಣವಿದ್ದು ಅಲ್ಲಿಂದ ಬಸ್ ಸೌಕರ್ಯವಿದೆ. ಹಾಯ್ ಮತ್ತು ಗ್ರೇಮ್ಸೆ ದ್ವೀಪಗಳಿಗೆ ಸ್ಟ್ರಾಮ್‌ನೆಸ್‌ನಿಂದಲೇ ಸಣ್ಣ ದೋಣಿ ಹೊರಡುತ್ತದೆ. ಗಾಳಿ ಹೆಚ್ಚಾದಾಗ ಹಡಗು ಸಂಚಾರ ರದ್ದಾಗುವುದು ಸಾಮಾನ್ಯವಾದ್ದರಿಂದ ಪ್ರವಾಸದ ಯೋಜನೆಯಲ್ಲಿ ಒಂದೆರಡು ದಿನ ಕೈಯಲ್ಲಿಟ್ಟುಕೊಳ್ಳುವುದು ವಿಹಿತ. ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಹಗಲು ದೀರ್ಘವಾಗಿದ್ದು, ಮೇ ತಿಂಗಳಲ್ಲಿ ಆರ್ಕ್‌ನಿ ಜಾನಪದ ಸಂಗೀತೋತ್ಸವವೂ ಜುಲೈನಲ್ಲಿ 1949ರಿಂದ ನಡೆದುಬಂದಿರುವ ಶಾಪಿಂಗ್ ವೀಕ್ ಎಂಬ ಊರಹಬ್ಬವೂ ಜರಗುತ್ತವೆ. ಏಡಿ, ಸಿಂಪಿಮೀನು, ಆರ್ಕ್‌ನಿಯ ಚೀಸ್ ಮತ್ತು ಬೇರ್ ಎಂಬ ಪುರಾತನ ಬಾರ್ಲಿಯ ಹಿಟ್ಟಿನಿಂದ ಮಾಡುವ ಚಪ್ಪಟೆ ರೊಟ್ಟಿ ಇಲ್ಲಿನ ವಿಶೇಷ ಆಹಾರಗಳು.

ಪ್ರವಾಸೋದ್ಯಮ ಊರಿನ ಆದಾಯದ ಒಂದು ಭಾಗ ಮಾತ್ರ. ಏಡಿ ಮೀನುಗಾರಿಕೆ, ದೀಪಸ್ತಂಭಗಳ ಸೇವೆ ಮತ್ತು 1867ರಲ್ಲಿ ಆರಂಭವಾದ ಜೀವರಕ್ಷಕ ದೋಣಿಯ ಠಾಣೆ ಬಂದರನ್ನು ಚಟುವಟಿಕೆಯಲ್ಲಿಟ್ಟಿವೆ. 2003ರಲ್ಲಿ ಸ್ಥಾಪನೆಯಾದ ಯೂರೋಪಿಯನ್ ಮರೀನ್ ಎನರ್ಜಿ ಸೆಂಟರ್ ಸ್ಟ್ರಾಮ್‌ನೆಸ್‌ನಲ್ಲಿ ತನ್ನ ಕಚೇರಿಯನ್ನು ಹೊಂದಿದ್ದು, ಸಮೀಪದ ಬಿಲಿಯಾ ಕ್ರೂ ಕಡಲಲ್ಲಿ ಅಲೆಯಿಂದಲೂ ಈಡೇ ದ್ವೀಪದ ಬಳಿ ಉಬ್ಬರವಿಳಿತದ ಸೆಳವಿನಿಂದಲೂ ವಿದ್ಯುತ್ ಉತ್ಪಾದಿಸುವ ಯಂತ್ರಗಳನ್ನು ಪರೀಕ್ಷಿಸುತ್ತದೆ. 2004ರಲ್ಲಿ ಪೆಲಾಮಿಸ್ ಎಂಬ ಯಂತ್ರ ಇಲ್ಲಿಂದ ಬ್ರಿಟನ್ನಿನ ವಿದ್ಯುತ್ ಜಾಲಕ್ಕೆ ಅಲೆಯ ಶಕ್ತಿಯನ್ನು ಹರಿಸಿತು. ಹೆರಿಯಟ್-ವಾಟ್ ವಿಶ್ವವಿದ್ಯಾಲಯವೂ ಇಲ್ಲಿ ದ್ವೀಪಗಳ ತಂತ್ರಜ್ಞಾನವನ್ನು ಕುರಿತ ಅಧ್ಯಯನ ಕೇಂದ್ರವನ್ನು ನಡೆಸುತ್ತಿದೆ. ಹಾಯಿಹಡಗುಗಳು ಕಾದು ನಿಲ್ಲಲು ಕಾರಣವಾಗಿದ್ದ ಗಾಳಿಯೂ ಸೆಳವೂ ಈಗ ಎಂಜಿನಿಯರುಗಳನ್ನು ಇಲ್ಲಿಗೆ ಕರೆತರುತ್ತಿವೆ. ತುಪ್ಪಳ, ತಿಮಿಂಗಿಲ, ಹೆರಿಂಗ್, ನೌಕಾಪಡೆ ಒಂದೊಂದಾಗಿ ಹಿಂದೆ ಸರಿದರೂ ಊರು ಬರಿದಾಗದೆ ಉಳಿದದ್ದು, ಒಳ್ಳೆಯ ಬಂದರು, ಕಡಲನ್ನು ಬಲ್ಲ ಜನ ಮತ್ತು ಹೊರಗಿನವರೊಡನೆ ವ್ಯವಹರಿಸುವ ಹಳೆಯ ರೂಢಿ ಈ ಮೂರೂ ಇಲ್ಲಿ ಕಡಿಯದೆ ಮುಂದುವರಿದುದರಿಂದಲೇ. ಸ್ಟ್ರಾಮ್‌ನೆಸ್‌ಗೆ ಬರುವವರು ಶಿಲಾವೃತ್ತಗಳನ್ನು ನೋಡುವ ಅವಸರದಲ್ಲಿ ಪಟ್ಟಣವನ್ನು ದಾಟಿಹೋಗದೆ, ವಸ್ತುಸಂಗ್ರಹಾಲಯದಿಂದ ತೊಡಗಿ ದಕ್ಷಿಣದ ಬಾವಿಯವರೆಗೆ ಬೀದಿಯುದ್ದಕ್ಕೂ ನಡೆದು ನೋಡಿದರೆ ಈ ಮುಂದುವರಿಕೆ ಸ್ಪಷ್ಟವಾಗಿ ತಿಳಿಯುತ್ತದೆ.